999 ಯಾರದು? ನಾಲ್ಕು ತಾಲ್ಲೂಕಿನ ಒಂದು ಹಳೇ ಜಗಳ

ಹಾನಗಲ್ ಬಸ್ ನಿಲ್ದಾಣದ ಹತ್ತಿರದ ಒಂದು ಚಹಾದ ಅಂಗಡಿ. ಬೆಳಿಗ್ಗೆ ಎಂಟೂವರೆ. ಕಾಲೇಜಿಗೆ ಹೊರಟ ಹುಡುಗರು ನಾಲ್ಕೈದು ಮಂದಿ ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ದರು. ಪರದೆಯ ಮೇಲೆ ಕೋಟು ಹಾಕಿದ ರಾಜಕುಮಾರ್ ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಹುಡುಗರಿಗೆ ನಗು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಚಹಾದ ಗ್ಲಾಸು ಕೆಳಗಿಟ್ಟರು.

"ಯಾಕ್ ನಗ್ತಿಯೋ ತಮ್ಮಾ? ಅವರು ಎಷ್ಟು ಸಾಲಿ ಕಲ್ತಿದ್ರು ಗೊತ್ತೈತೇನು ನಿನಗ? ನಿನ್ನಷ್ಟೂ ಇಲ್ಲ."

"ಇಲ್ಲಜ್ಜಾ, ಚೇಷ್ಟಿ ಮಾಡಾಕತ್ತಿಲ್ಲ. ಛಲೋ ಐತಂತನ ನೋಡಾಕತ್ತೀವಿ. ಇದನ್ನ ಈಗಿನ ಹೀರೋನ್ನ ಹಾಕಿ ಮತ್ತ ತೆಗೀಬೇಕು ನೋಡ್ರಿ."

"ಅದು ಮಾತ್ರ ಬ್ಯಾಡ."

ಅಲ್ಲಿಂದ ಶುರುವಾದ ಮಾತು ಎರಡು ಬಸ್ಸು ಹೋದರೂ ಮುಗಿಯಲಿಲ್ಲ. ಸಿಐಡಿ 999 ಮತ್ತೆ ಬರಬೇಕೋ ಬೇಡವೋ? ಬಂದರೆ ಯಾರು ಮಾಡಬೇಕು? ಆ ನಾಲ್ಕು ಚಿತ್ರಗಳಲ್ಲಿ ನಿಜಕ್ಕೂ ಒಳ್ಳೆಯದು ಯಾವುದು? ಇವೇ ಪ್ರಶ್ನೆಗಳನ್ನು ನಾವು ಆಮೇಲೆ ಶಿಗ್ಗಾಂವಿಯ ಕಟಿಂಗ್ ಅಂಗಡಿಯಲ್ಲಿ, ಸವಣೂರಿನ ವೀಳ್ಯದೆಲೆ ವ್ಯಾಪಾರದ ಕಟ್ಟೆಯ ಮೇಲೆ, ಹಿರೇಕೆರೂರಿನ ಸಂತೆಯಲ್ಲಿ ಕೇಳಿದೆವು. ಎಲ್ಲ ಕಡೆಯೂ ಜನ ಎರಡು ಪಂಗಡವಾದರು. ಸುಮ್ಮನೆ ಕಾಲ ಕಳೆಯುವ ಜಗಳ ಅಂದುಕೊಂಡಿದ್ದೆವು. ಕೇಳುತ್ತ ಹೋದಂತೆ ಇದರೊಳಗೆ ನಮ್ಮ ಸೀಮೆಯ ಐವತ್ತು-ಅರವತ್ತು ವರ್ಷದ ಇತಿಹಾಸವೇ ಅಡಗಿದೆ ಅನ್ನಿಸಿತು. ಅದನ್ನು ಇಲ್ಲಿ ಬರೆದಿದ್ದೇವೆ.

ನಾಲ್ಕು ಚಿತ್ರ, ಒಂದು ನಂಬರು

ಈಗಿನವರಿಗಾಗಿ ಮೊದಲು ಲೆಕ್ಕ ಹೇಳಿಬಿಡೋಣ.

1968ರಲ್ಲಿ "ಜೇಡರ ಬಲೆ" ಬಂತು. ದೊರೈ-ಭಗವಾನ್ ಜೋಡಿ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ರಾಜಕುಮಾರ್ ಗುಪ್ತಚರ ಪ್ರಕಾಶ್, ಅಂದರೆ ಸಿಐಡಿ 999. ಜೊತೆಗೆ ಜಯಂತಿ. ಅದೇ ವರ್ಷ "ಗೋವಾದಲ್ಲಿ ಸಿಐಡಿ 999" ಬಂತು. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಈ ಚಿತ್ರದಿಂದ. 1969ರಲ್ಲಿ "ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999". ಮುಂದೆ ಹಿಂದಿ ಚಿತ್ರರಂಗ ಆಳಿದ ರೇಖಾ ಮೊದಲ ಬಾರಿಗೆ ನಾಯಕಿಯಾಗಿದ್ದು ಇದರಲ್ಲಿ. ಈ ಮೂರೂ ಕಪ್ಪು-ಬಿಳುಪು. ಆಮೇಲೆ ಒಂಬತ್ತು ವರ್ಷ ಸುದ್ದಿಯಿಲ್ಲ. 1978ರಲ್ಲಿ ಬಣ್ಣದಲ್ಲಿ "ಆಪರೇಷನ್ ಡೈಮಂಡ್ ರಾಕೆಟ್" ಬಂತು. ಹುಡುಗರು ನೋಡುತ್ತಿದ್ದ ಇಂಗ್ಲಿಷ್ ಹಾಡು ಇದರದ್ದೇ, ಹಾಡಿದವರು ಸ್ವತಃ ರಾಜಕುಮಾರ್.

ಅಷ್ಟೇ. ನಾಲ್ಕೇ ಚಿತ್ರ. 1970ರ "ಸಿಐಡಿ ರಾಜಣ್ಣ" ಚಿತ್ರವನ್ನು ಕೆಲವರು ಇದರಲ್ಲಿ ಸೇರಿಸುತ್ತಾರೆ. ಅದರಲ್ಲೂ ರಾಜಕುಮಾರ್ ಇದ್ದಾರೆ, ಆದರೆ ಅದು ಬೇರೆ ತಂಡದ ಬೇರೆ ಕಥೆ. ಸವಣೂರಿನ ಕಟ್ಟೆಯಲ್ಲಿ ಈ ಒಂದು ವಿಷಯಕ್ಕೇ ಅರ್ಧ ಗಂಟೆ ಹೋಯಿತು.

999 ಎಂಬ ನಂಬರು 007ರ ನೆರಳು ಎಂದು ಯಾರಾದರೂ ಹೇಳಬಹುದು. ಇಂಗ್ಲಿಷಿನ ಮೊದಲ ಜೇಮ್ಸ್ ಬಾಂಡ್ ಚಿತ್ರ ಬಂದದ್ದು 1962ರಲ್ಲಿ. ಅದರ ಗಾಳಿ ಇಡೀ ದೇಶಕ್ಕೆ ಬೀಸಿತ್ತು. 1966ರಲ್ಲಿ ತೆಲುಗಿನಲ್ಲಿ ಕೃಷ್ಣ ಅವರ "ಗೂಢಚಾರಿ 116" ಬಂತು. ಅದೇ ಕಥೆ 1967ರಲ್ಲಿ ಜಿತೇಂದ್ರ ಅವರ "ಫರ್ಜ್" ಎಂಬ ಹಿಂದಿ ಚಿತ್ರವಾಯಿತು. ತಮಿಳಿನಲ್ಲಿ ಜೈಶಂಕರ್ ಇಂಥ ಪಾತ್ರಗಳಿಗೇ ಹೆಸರಾದರು. ಕನ್ನಡವೂ ಆ ಸಾಲಿಗೆ ಸೇರಿತು. ಆದರೆ ಒಂದೇ ಪಾತ್ರ, ಒಂದೇ ನಂಬರು, ಒಂದೇ ನಿರ್ದೇಶಕ ಜೋಡಿ ಇಟ್ಟುಕೊಂಡು ಎರಡು ವರ್ಷದಲ್ಲಿ ಮೂರು ಚಿತ್ರ ಮಾಡಿ, ಹತ್ತನೇ ವರ್ಷಕ್ಕೆ ಮತ್ತೆ ಅದೇ ಗಡಿ ಮುಟ್ಟಿದ ಸರಣಿ ಕನ್ನಡದಲ್ಲಿ ಅದಕ್ಕಿಂತ ಮೊದಲು ಇರಲಿಲ್ಲ.

ನಮ್ಮ ಕನಕ, ನಮ್ಮ ಸರ್ವಜ್ಞ ಕೋಟು ಹಾಕಿದಾಗ

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಈ ಜಗಳಕ್ಕೆ ಒಂದು ಸ್ವಂತ ಕಾರಣವಿದೆ.

1960ರಲ್ಲಿ "ಭಕ್ತ ಕನಕದಾಸ" ಬಂದಿತ್ತು. ಕನಕದಾಸರ ಊರು ಬಾಡ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲಿ. 1965ರಲ್ಲಿ "ಸರ್ವಜ್ಞಮೂರ್ತಿ" ಬಂತು. ಸರ್ವಜ್ಞನ ಹೆಸರಿನ ಜೊತೆ ತಳಕು ಹಾಕಿಕೊಂಡಿರುವ ಅಬಲೂರು, ಮಾಸೂರು ಹಿರೇಕೆರೂರು ಸೀಮೆಯವು. ಎರಡರಲ್ಲೂ ನಾಯಕ ರಾಜಕುಮಾರ್. ಅಂದರೆ ಇಲ್ಲಿಯವರ ಪಾಲಿಗೆ ಅವರು ದೂರದ ಗಾಜನೂರಿನ ನಟನಾಗಿ ಉಳಿದಿರಲಿಲ್ಲ. ನಮ್ಮೂರ ಕನಕ, ನಮ್ಮೂರ ಸರ್ವಜ್ಞ ಆಗಿಬಿಟ್ಟಿದ್ದರು.

ಹಾನಗಲ್ ಕಡೆಯದು ಇನ್ನೊಂದು ಬಗೆ. ಕಾಡಶೆಟ್ಟಿಹಳ್ಳಿಯ ಪಂಚಾಕ್ಷರ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು ಹುಟ್ಟಿದ ತಾಲ್ಲೂಕು ಅದು. ಗವಾಯಿಗಳ ಹೆಸರಿನ ನಾಟಕ ಕಂಪನಿ ಊರೂರು ತಿರುಗಿ, ಅಂಧ ಮಕ್ಕಳ ಸಂಗೀತ ಶಿಕ್ಷಣಕ್ಕೆ ದುಡಿದ ಕಾಲ ಅದು. ಹಾಡು, ಮಾತು, ಅಭಿನಯವನ್ನು ತೂಗಿ ನೋಡುವ ಕಣ್ಣು-ಕಿವಿ ಆ ಪ್ರೇಕ್ಷಕರಿಗೆ ಕಂಪನಿ ನಾಟಕದಿಂದಲೇ ಬಂದಿತ್ತು. ರಾಜಕುಮಾರ್ ಕೂಡ ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದವರೇ.

ಇಂಥ ಜನರ ಮುಂದೆ 1968ರಲ್ಲಿ ಅದೇ ಮನುಷ್ಯ ಕೋಟು-ಟೈ ಹಾಕಿ, ಕೈಯಲ್ಲಿ ಪಿಸ್ತೂಲು ಹಿಡಿದು ಬಂದರು. ಮೊದಲ ಜಗಳ ಹುಟ್ಟಿದ್ದು ಆಗಲೇ ಎಂದು ಹಿರಿಯರು ಹೇಳುತ್ತಾರೆ. ಶಿಗ್ಗಾಂವಿಯಲ್ಲಿ ಒಬ್ಬರು ನಮಗೆ ಹೇಳಿದ್ದು ಹೀಗೆ: "ನಮ್ಮಪ್ಪ ಕನಕದಾಸ ನೋಡಿ ಬಂದು ಎರಡು ದಿನ ಅದನ್ನ ಹೇಳ್ತಿದ್ದ. 999 ನೋಡಿ ಬಂದು ಮಾತಾಡಲಿಲ್ಲ. ನಾ ಮಾತ್ರ ಮೂರು ಸಲ ನೋಡಿದೆ."

ಅಪ್ಪನಿಗೆ ಬೇಡವಾದದ್ದು ಮಗನಿಗೆ ಬೇಕಾಯಿತು. ಇವತ್ತು ಆ ಮಗನೇ ಅಜ್ಜನಾಗಿ, "ಹೊಸ 999 ಬ್ಯಾಡ" ಅನ್ನುತ್ತಿದ್ದಾನೆ. ಈ ಜಗಳದ ತಮಾಷೆ ಇರುವುದೇ ಇಲ್ಲಿ.

ಚಿನ್ನ ಮಾಡುವ ಸೂತ್ರ

"ಜೇಡರ ಬಲೆ"ಯ ಕಥೆ ನಿಂತಿರುವುದು ಒಂದು ವಿಜ್ಞಾನದ ಕಲ್ಪನೆಯ ಮೇಲೆ. ಬೇರೆ ಲೋಹವನ್ನು ಚಿನ್ನ ಮಾಡುವ ಸೂತ್ರ ಒಬ್ಬ ವಿಜ್ಞಾನಿಗೆ ಸಿಕ್ಕಿದೆ. ಅದರ ಹಿಂದೆ ದುಷ್ಟರ ತಂಡ ಬಿದ್ದಿದೆ. ಅದನ್ನು ತಡೆಯುವುದು 999ರ ಕೆಲಸ. ಕನ್ನಡದಲ್ಲಿ ವಿಜ್ಞಾನದ ಕಲ್ಪನೆ ಜನಸಾಮಾನ್ಯರ ಸಿನಿಮಾದೊಳಗೆ ಹೀಗೆ ಬಂದದ್ದು ಅಪರೂಪ.

"ಏನ್ ಸುಳ್ಳು ಕಥಿ" ಎಂದು ಈಗಿನ ಹುಡುಗರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ಆ ಕಾಲದ ಜನರಿಗೆ ಚಿನ್ನ ಎಂಬ ಮಾತು ಎಷ್ಟು ಬಿಸಿ ಇತ್ತು ಎಂಬುದನ್ನು ನೋಡಬೇಕು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ಊರೂರಿನ ಪತ್ತಾರರ ಹೊಟ್ಟೆಗೆ ಕಲ್ಲು ಬಿತ್ತು. ಆ ಮಿತಿ ಕೆಲವು ವರ್ಷಗಳಲ್ಲಿ ಸಡಿಲವಾದರೂ ನಿಯಂತ್ರಣ ಹೋಗಲಿಲ್ಲ. "ಜೇಡರ ಬಲೆ" ಬಂದ 1968ರಲ್ಲೇ ಚಿನ್ನ ನಿಯಂತ್ರಣ ಕಾಯ್ದೆಯೂ ಬಂತು. ಅದು ರದ್ದಾದದ್ದು 1990ರಲ್ಲಿ. ಒಡವೆಗೂ ಲೆಕ್ಕ ಕೊಡಬೇಕಾದ, ಕಳ್ಳಸಾಗಣೆಯ ಸುದ್ದಿ ಪೇಪರಿನಲ್ಲಿ ತುಂಬಿದ್ದ ಆ ದಿನಗಳಲ್ಲಿ ಚಿನ್ನದ ಸೂತ್ರದ ಕಥೆ ಯಾರಿಗೂ ದೂರದ್ದು ಅನ್ನಿಸಲಿಲ್ಲ.

ಗೋವಾದ ಮಾತೂ ಹಾಗೆಯೇ. ಪೋರ್ಚುಗೀಸರ ಕೈಯಿಂದ ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಏಳು ವರ್ಷ ಕಳೆಯುವಷ್ಟರಲ್ಲಿ 999 ಅಲ್ಲಿಗೆ ಹೋದ. ನಮ್ಮ ಕಡೆಯವರಿಗೆ ಗೋವಾ ಎಂದರೆ ಆಗ ಹೊಸದಾಗಿ ತೆರೆದ ಬಾಗಿಲು. ಮುಂದೆ ಈ ಸೀಮೆಯ ಎಷ್ಟೋ ಮನೆಗಳ ಜನ ದುಡಿಯಲು ಹೋದದ್ದೂ ಅಲ್ಲಿಗೇ. ಇನ್ನೊಂದು ಸಂಗತಿ: ನಮ್ಮ ದೇಶದ ಹೊರದೇಶದ ಗುಪ್ತಚರ ಸಂಸ್ಥೆ "ರಾ" ಶುರುವಾದದ್ದು ಕೂಡ 1968ರ ಸೆಪ್ಟೆಂಬರಿನಲ್ಲಿ. ನಿಜದ ಗುಪ್ತಚರರಿಗೆ ಹೊಸ ಕಚೇರಿ ಸಿಕ್ಕ ವರ್ಷವೇ ಕನ್ನಡದ ಪರದೆಯ ಗುಪ್ತಚರನೂ ಹುಟ್ಟಿದ. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಇರಲಿಲ್ಲ, ಮೈಸೂರು ರಾಜ್ಯ ಅಂತಿತ್ತು. ಹಾವೇರಿ ಜಿಲ್ಲೆಯೂ ಇರಲಿಲ್ಲ. ಈ ನಾಲ್ಕೂ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿದ್ದವು.

ಹಾಗಾದರೆ ಬೇರೆ ಲೋಹ ಚಿನ್ನ ಆಗುತ್ತದೆಯೇ? ಆಗುತ್ತದೆ, ಆದರೆ ಲಾಭವಿಲ್ಲ. 1980ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿ ಗ್ಲೆನ್ ಸೀಬೋರ್ಗ್ ತಂಡ ಬಿಸ್ಮತ್ ಎಂಬ ಲೋಹದ ಕೆಲವು ಪರಮಾಣುಗಳನ್ನು ಚಿನ್ನ ಮಾಡಿ ತೋರಿಸಿತು. 2025ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದವರು ಸೀಸದ ಪರಮಾಣುಗಳು ಚಿನ್ನವಾದದ್ದನ್ನು ಲೆಕ್ಕ ಹಾಕಿ ಹೇಳಿದರು. ಎಷ್ಟು ಚಿನ್ನ? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಕಣ್ಣಿಗೂ ಕಾಣದು, ಆ ಕ್ಷಣಕ್ಕೇ ಒಡೆದುಹೋಗುವಂಥದ್ದು. ಕಥೆ ಬರೆದವರು ಪೂರಾ ಸುಳ್ಳು ಹೇಳಿರಲಿಲ್ಲ. ಖರ್ಚಿನ ಪಟ್ಟಿ ಮಾತ್ರ ಹೇಳಿರಲಿಲ್ಲ.

ಟೆಂಟಿಗೆ ಬಂದ 999

ಈ ಚಿತ್ರಗಳು ಹಳ್ಳಿಗೆ ಬರುವಾಗ ಬಿಡುಗಡೆಯಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಗಿರುತ್ತಿತ್ತು. ಮೊದಲು ದೊಡ್ಡ ಊರು, ಆಮೇಲೆ ತಾಲ್ಲೂಕು, ಕೊನೆಗೆ ಟೂರಿಂಗ್ ಟಾಕೀಸು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಟೆಂಟು ಏಳುತ್ತಿತ್ತು. ಸಂಜೆ ಮೈಕಿನಲ್ಲಿ ಹಾಡು ಹಾಕಿದರೆ ಸುತ್ತಲಿನ ಹಳ್ಳಿಗೆ ಅದೇ ಕರೆಗಂಟೆ. ನೆಲದ ಟಿಕೇಟು, ಬೆಂಚಿನ ಟಿಕೇಟು, ಖುರ್ಚಿಯ ಟಿಕೇಟು. ಒಂದೇ ಮಷಿನ್ ಇದ್ದ ಕಡೆ ಪ್ರತಿ ರೀಲು ಮುಗಿದಾಗಲೂ ಆಟ ನಿಲ್ಲುತ್ತಿತ್ತು. ಒಂದು ರೀಲು ಎಂದರೆ ಸಾವಿರ ಅಡಿ, ಸುಮಾರು ಹನ್ನೊಂದು ನಿಮಿಷ.

ಹಿರೇಕೆರೂರಿನ ಹಿರಿಯರೊಬ್ಬರು ಹೇಳಿದ್ದು ನಮಗೆ ಬಹಳ ಇಷ್ಟವಾಯಿತು: "ರೀಲ್ ಬದಲಿ ಮಾಡೂ ಹೊತ್ತಿನ್ಯಾಗನ ವಾದ ನಡೀತಿತ್ರಿ. ಮುಂದ ಏನಾಗತೈತಿ ಅಂತ ಪೈಜು ಕಟ್ಟತಿದ್ರು. ಚಿತ್ರಕಿಂತ ಅದ ಛಲೋ ಇರತಿತ್ತು."

ಪತ್ತೇದಾರಿ ಚಿತ್ರಕ್ಕೆ ಈ ನಿಲುಗಡೆ ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು. ಪುರಾಣದ ಕಥೆಯಲ್ಲಿ ಮುಂದೇನು ಎಂಬುದು ಎಲ್ಲರಿಗೂ ಗೊತ್ತು. 999ರ ಕಥೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೂಡಿ ಕೂತು ಊಹಿಸುವ, ತರ್ಕ ಮಾಡುವ, ಸೋಲುವ ಸುಖವನ್ನು ನಮ್ಮ ಹಳ್ಳಿಗಳ ಸಿನಿಮಾ ಪ್ರೇಕ್ಷಕರಿಗೆ ಕಲಿಸಿದ್ದರಲ್ಲಿ ಈ ಚಿತ್ರಗಳ ಪಾಲು ದೊಡ್ಡದು.

ಯಾಕೆ ನಿಂತಿತು?

ಅಭಿಮಾನಿಗಳ ಎರಡನೇ ಜಗಳ ಇದು. ಮೂರು ಚಿತ್ರ ಓಡಿದ ಮೇಲೆ ಸರಣಿ ನಿಲ್ಲಿಸಿದ್ದೇಕೆ?

ದೊರೈ-ಭಗವಾನ್ ಆಮೇಲೆ ಏನು ಮಾಡಿದರು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. 1971ರಲ್ಲಿ "ಕಸ್ತೂರಿ ನಿವಾಸ", 1974ರಲ್ಲಿ "ಎರಡು ಕನಸು", 1976ರಲ್ಲಿ "ಬಯಲುದಾರಿ". ಅವರು ಸಂಸಾರದ ಕಥೆಗೆ, ಕಾದಂಬರಿಗೆ ತಿರುಗಿದರು. ಅತ್ತ 1972ರಲ್ಲಿ ಸಿದ್ಧಲಿಂಗಯ್ಯ ಅವರ "ಬಂಗಾರದ ಮನುಷ್ಯ" ಬಂತು. ಪಟ್ಟಣದಿಂದ ಹಳ್ಳಿಗೆ ಬಂದು ಮಣ್ಣು ನಂಬಿದ ರಾಜೀವಪ್ಪನನ್ನು ನೋಡಿ ಎಷ್ಟೋ ಯುವಕರು ಹೊಲಕ್ಕೆ ಮರಳಿದರು ಎಂಬ ಮಾತು ಇಂದಿಗೂ ಇದೆ. ಒಬ್ಬ ವಿಜ್ಞಾನಿಯ ಚಿನ್ನದ ಸೂತ್ರ ಒಂದು ಕಡೆ, ಬೆವರಿನಿಂದ ಬಂಗಾರ ಬೆಳೆಯುವ ರೈತ ಇನ್ನೊಂದು ಕಡೆ. ಜನ ಎರಡನೆಯದನ್ನು ಎದೆಗೆ ಹಚ್ಚಿಕೊಂಡರು.

"ಹಂಗಾದ್ರ 999 ಕೆಳಮಟ್ಟದ್ದೇನು?" ಎಂದು ಹಾನಗಲ್ಲಿನ ಹುಡುಗ ಅಜ್ಜನಿಗೆ ಕೇಳಿದ್ದ. ಅಜ್ಜ ಕೊಟ್ಟ ಉತ್ತರ: "ಹೋಳಿಗೆನೂ ಬೇಕು, ಮಿರ್ಚಿನೂ ಬೇಕು. ಮಿರ್ಚಿ ತಿಂದು ಹೋಳಿಗಿ ರುಚಿ ಇಲ್ಲಂದ್ರ ಹೆಂಗ?"

ಈ ಮಾತಿನಲ್ಲಿ ನ್ಯಾಯವಿದೆ. ಈ ಚಿತ್ರಗಳನ್ನು 007ರ ಪಕ್ಕ ಇಟ್ಟು ಅಳೆಯುವುದು ಸುಲಭ. ಅವರ ಹಣವೆಷ್ಟು, ನಮ್ಮ ಹಣವೆಷ್ಟು? ಆಗಿನ ಕನ್ನಡ ಚಿತ್ರಗಳಿಗೆ ಸ್ಟುಡಿಯೋ ಬೇಕೆಂದರೂ ಹೆಚ್ಚಾಗಿ ಮದ್ರಾಸಿಗೆ ಹೋಗಬೇಕಿತ್ತು. ಕನ್ನಡದ ಮಾರುಕಟ್ಟೆ ಚಿಕ್ಕದು. ಜೋಡಿಯಲ್ಲಿ ದೊರೈರಾಜ್ ಕ್ಯಾಮೆರಾ ಬಲ್ಲವರಾಗಿದ್ದರು. ಸೆಟ್ಟಿನ ಬಡತನವನ್ನು ಬೆಳಕು-ನೆರಳಿನಲ್ಲಿ ಮುಚ್ಚುವ ಜಾಣತನ ಕಪ್ಪು-ಬಿಳುಪಿನ ಆ ಮೂರು ಚಿತ್ರಗಳಲ್ಲಿ ಕಾಣುತ್ತದೆ. ಇನ್ನೊಂದು ವಿಷಯ, ಬಾಂಡ್‌ಗೆ ಮದ್ಯ ಮತ್ತು ಹೆಣ್ಣಿನ ಸಹವಾಸ ಗುರುತಾಗಿದ್ದರೆ, ತೆರೆಯ ಮೇಲೆ ಕುಡಿತ-ಸಿಗರೇಟಿನಿಂದ ದೂರ ಉಳಿದ ನಟ ಎಂದೇ ಹೆಸರಾದವರು ಇಲ್ಲಿ ನಾಯಕ. ಮನೆಮಂದಿಯ ಜೊತೆ ಕೂತು ನೋಡಬಹುದಾದ ಗುಪ್ತಚರನನ್ನು ಅವರು ಕಟ್ಟಿದರು.

ಹಾಗೆಂದು ಕೊರತೆಗಳೇ ಇಲ್ಲ ಎನ್ನುವುದಿಲ್ಲ. ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಭಾನುವಾರ ನೋಡಿದ್ದ ಚಿತ್ರವನ್ನು ಈಗ ಮತ್ತೆ ನೋಡಿದೆವು. ಹೊಡೆದಾಟಗಳು ನಿಧಾನ. ಖಳರ ಗುಹೆಯ ಬಾಗಿಲು ರಟ್ಟಿನದು ಎಂದು ಕಾಣುತ್ತದೆ. ಕಥೆ ಮುಂದೆ ಹೋಗಬೇಕಾದ ಕಡೆ ಹಾಡು ಬರುತ್ತದೆ. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ರಾಜಕುಮಾರ್ ಆ ಪಾತ್ರವನ್ನು ತಮಾಷೆ ಎಂದು ಮಾಡಿಲ್ಲ. ಕನಕನನ್ನು ಎಷ್ಟು ನಂಬಿ ಮಾಡಿದ್ದರೋ ಪ್ರಕಾಶನನ್ನೂ ಅಷ್ಟೇ ನಂಬಿ ಮಾಡಿದ್ದಾರೆ. ಕಂಪನಿ ನಾಟಕ ಕಲಿಸಿದ ಶಿಸ್ತು ಅದು.

ಮುಟ್ಟಬಾರದ ನಂಬರು

1978ರ ನಂತರ 999 ಬರಲಿಲ್ಲ. ಮತ್ತೆ ಮಾಡುವುದು ಕಷ್ಟವೂ ಆಗುತ್ತ ಹೋಯಿತು. ಅದಕ್ಕೆ ಕಾರಣ ಸಿನಿಮಾದ ಹೊರಗಿದೆ. ಅದರ ಒಂದು ಎಳೆ ಸವಣೂರಿಗೂ ಬರುತ್ತದೆ.

1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂಬ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಿ ಎಂದು ಚಳವಳಿ ಎದ್ದಿತು. 1982ರಲ್ಲಿ ರಾಜಕುಮಾರ್ ಅದರ ಮುಂದಾಳಾದರು. ಊರೂರಿನಲ್ಲಿ ಜನಸಾಗರ ಸೇರಿತು. ಅಲ್ಲಿಂದಾಚೆಗೆ ಅವರು ನಟನಷ್ಟೇ ಆಗಿ ಉಳಿಯಲಿಲ್ಲ, ಕನ್ನಡದ ಗುರುತಾದರು. 1992ರಲ್ಲಿ ಮೊದಲ ಕರ್ನಾಟಕ ರತ್ನ ಕುವೆಂಪು ಅವರಿಗೂ ರಾಜಕುಮಾರ್ ಅವರಿಗೂ ಸಂದಿತು. ಪ್ರೇಕ್ಷಕರನ್ನು ಅವರು "ಅಭಿಮಾನಿ ದೇವರುಗಳು" ಎಂದು ಕರೆಯುತ್ತಿದ್ದರು. ಅಷ್ಟು ಎತ್ತರಕ್ಕೆ ಹೋದವರ ಪಾತ್ರವನ್ನು ಬೇರೆಯವರು ಹಾಕಿಕೊಳ್ಳುವುದೆಂದರೆ ಗುಡಿಯ ಉತ್ಸವಮೂರ್ತಿ ಬದಲಿಸಿದ ಹಾಗೆ ಎಂದು ಹಿರಿಯ ಅಭಿಮಾನಿಗಳು ಭಾವಿಸುವುದರಲ್ಲಿ ತಪ್ಪೇನಿದೆ?

ಹುಡುಗರ ವಾದವೂ ಸಣ್ಣದಲ್ಲ. ಜೇಮ್ಸ್ ಬಾಂಡ್ 2021ರ ತನಕ 25 ಚಿತ್ರಗಳಲ್ಲಿ ಬಂದಿದ್ದಾನೆ, ಆರು ಮಂದಿ ಆ ಪಾತ್ರ ಮಾಡಿದ್ದಾರೆ. ಕೊನೆಯ ಚಿತ್ರದಲ್ಲಿ ಬಾಂಡ್ ಸತ್ತೇ ಹೋಗುತ್ತಾನೆ. ಆದರೂ ಸರಣಿ ಸಾಯಲಿಲ್ಲ. 2025ರಲ್ಲಿ ಅದರ ಹಿಡಿತ ಅಮೆಜಾನ್ ಕಂಪನಿಯ ಕೈಗೆ ಹೋಯಿತು. ಮುಂದಿನ ಬಾಂಡ್ ಯಾರು, ಕಂಪನಿಯವರು ಕಥೆ ಕೆಡಿಸುತ್ತಾರೋ ಉಳಿಸುತ್ತಾರೋ ಎಂದು ಲಂಡನ್ನಿನ ಅಭಿಮಾನಿಗಳೂ ನಮ್ಮ ಚಹಾದಂಗಡಿಯವರ ಹಾಗೆಯೇ ಕಿತ್ತಾಡುತ್ತಿದ್ದಾರೆ. ಇಂಗ್ಲೆಂಡಿನ ಬಿಬಿಸಿ ಟಿವಿಯಲ್ಲಿ 1963ರಲ್ಲಿ ಶುರುವಾದ "ಡಾಕ್ಟರ್ ಹೂ" ಎಂಬ ವಿಜ್ಞಾನ ಕಥೆಯ ಧಾರಾವಾಹಿಯವರು ಇನ್ನೂ ಜಾಣರು. ಅವರ ನಾಯಕ ಬೇರೆ ಲೋಕದವನು, ಸಾಯುವ ಹೊತ್ತಿಗೆ ಬೇರೆ ದೇಹ ಪಡೆಯುತ್ತಾನೆ. 1966ರಲ್ಲಿ ಮೊದಲ ನಟ ಹೊರಟಾಗ ಈ ಉಪಾಯದಿಂದಲೇ ಎರಡನೆಯವರನ್ನು ತಂದರು. ಇಂದಿಗೂ ಅದೇ ಉಪಾಯ, ಪ್ರತಿ ಸಲವೂ "ಮೊದಲಿನವರೇ ಛಲೋ ಇದ್ರು" ಎಂಬ ಅದೇ ತಕರಾರು.

ನಮ್ಮ ಹುಡುಗರು ಇದನ್ನೆಲ್ಲ ನೋಡುತ್ತಿದ್ದಾರೆ. 2022ರಲ್ಲಿ "ಅವತಾರ್" ಸರಣಿಯ ಎರಡನೇ ಚಿತ್ರ ಕನ್ನಡ ಮಾತಿನಲ್ಲೇ ಬಂತು. ಬೇರೆ ಗ್ರಹದ ಜನ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿದ ಮೇಲೆ, "ನಮ್ಮದೇ ಒಂದು ಸರಣಿ ಯಾಕಿಲ್ಲ?" ಎಂದು ಅವರು ಕೇಳುವುದು ಸಹಜ.

ಈ ಪ್ರಶ್ನೆಗೆ ಬಹಳ ಜನರ ಬಾಯಲ್ಲಿ ಬಂದ ಹೆಸರು ಒಂದೇ: ಅಪ್ಪು. "ಅವರಿದ್ದಿದ್ರ ಅಜ್ಜಾರೂ ಒಪ್ಪತಿದ್ರು, ನಾವೂ ಒಪ್ಪತಿದ್ವಿ" ಎಂದು ಶಿಗ್ಗಾಂವಿಯ ಅಂಗಡಿಯಲ್ಲಿ ಒಬ್ಬ ಹೇಳಿದಾಗ ಎರಡು ಕ್ಷಣ ಯಾರೂ ಮಾತಾಡಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು. ಅವರ ಕೊನೆಯ ದರ್ಶನದ ವ್ಯವಸ್ಥೆಗೆ ನಿಂತ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಿಗ್ಗಾಂವಿ ಕ್ಷೇತ್ರದ ಶಾಸಕರಾಗಿದ್ದರು. 2022ರ ಮಾರ್ಚ್ 17ಕ್ಕೆ ಬಂದ ಪುನೀತ್ ಚಿತ್ರದ ಹೆಸರು "ಜೇಮ್ಸ್". ಹಿರೇಕೆರೂರಿನಲ್ಲಿ ಮಾತ್ರ ಒಬ್ಬರು ವಾತಾವರಣ ತಿಳಿ ಮಾಡಿದರು: "ಪೊಲೀಸ್ ನೌಕರಿ ಬಿಟ್ಟು ಹೀರೋ ಆದಾವರನ್ನ ನಾವು ಆರಿಸಿ ಕಳಿಸೇವಿ. 999ಕ್ಕ ನಮ್ಮ ತಾಲ್ಲೂಕಿನ್ಯಾಗ ಜನರ ಬರ ಇಲ್ಲ." ಅವರು ಹೇಳಿದ್ದು "ಕೌರವ"ನ ಬಿ.ಸಿ. ಪಾಟೀಲರ ಬಗ್ಗೆ.

ನಮಗನ್ನಿಸಿದ್ದು

ಎಲ್ಲ ಕೇಳಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು. "ಮುಂದಿನ 999 ಯಾರು" ಎಂಬುದು ಎರಡನೇ ಪ್ರಶ್ನೆ. ಮೊದಲನೆಯದು, "ಹಿಂದಿನ 999 ಉಳಿಯುತ್ತಾನೆಯೇ?"

ಸಿನಿಮಾ ರೀಲು ಕಲ್ಲಿನ ಶಾಸನವಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕೆತ್ತನೆ ಒಂಬೈನೂರು ವರ್ಷವಾದರೂ ನಿಂತಿದೆ. ರೀಲಿಗೆ ಐವತ್ತು ವರ್ಷ ನಿಲ್ಲುವುದೂ ಕಷ್ಟ. ಸೆಕೆ, ತೇವ ತಾಗಿದರೆ ಅದು ಹುಳಿ ವಾಸನೆ ಹೊಡೆಯುತ್ತದೆ, ಸುರುಟುತ್ತದೆ, ಚಿತ್ರ ಅಳಿಯುತ್ತದೆ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದು. ಕಪ್ಪು-ಬಿಳುಪಿನ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ. ಓಡಿ ಹಳತಾದ ಪ್ರಿಂಟುಗಳನ್ನು ಆ ಬೆಳ್ಳಿ ತೆಗೆಯಲೆಂದೇ ಮಾರುವ ವ್ಯವಹಾರ ನಮ್ಮ ದೇಶದಲ್ಲಿ ಬಹಳ ಕಾಲ ನಡೆಯಿತು. ಲೋಹದಿಂದ ಚಿನ್ನ ಮಾಡುವ ಕಥೆಗಳ ಕಾಲದಲ್ಲೇ ಕಥೆಯ ರೀಲನ್ನೇ ತೊಳೆದು ಬೆಳ್ಳಿ ಮಾಡಿಕೊಂಡವರು ಇದ್ದರು.

ನಷ್ಟ ಸಣ್ಣದಲ್ಲ. 1934ರ "ಸತಿ ಸುಲೋಚನ" ಕನ್ನಡದ ಮೊದಲ ಮಾತಿನ ಚಿತ್ರ. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಶುರುವಾದದ್ದೇ 1964ರಲ್ಲಿ.

ಮನಸ್ಸು ಮಾಡಿದರೆ ಉಳಿಸಬಹುದು ಎಂಬುದಕ್ಕೂ ಉದಾಹರಣೆ ಇದೆ. 1965ರ "ಸತ್ಯ ಹರಿಶ್ಚಂದ್ರ" 2008ರಲ್ಲಿ, "ಕಸ್ತೂರಿ ನಿವಾಸ" 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದವು. 999ಕ್ಕೂ ಬಣ್ಣ ಹಚ್ಚಬೇಕೇ ಎಂಬುದು ಅಭಿಮಾನಿಗಳ ಇನ್ನೊಂದು ಜಗಳ. ನಮ್ಮ ಮಟ್ಟಿಗೆ, ಮೊದಲು ಇರುವುದನ್ನು ತೊಳೆದು ಸ್ವಚ್ಛ ಮಾಡಿ, ಮೂರೂ ಹಳೆಯ ಚಿತ್ರಗಳನ್ನು ಪೂರ್ತಿಯಾಗಿ, ಒಳ್ಳೆಯ ದನಿಯೊಂದಿಗೆ ಜನರಿಗೆ ಸಿಗುವಂತೆ ಮಾಡಲಿ. ಬಣ್ಣದ ಮಾತು ಆಮೇಲೆ. ಈಗ ಹುಡುಗರ ಮೊಬೈಲಿನಲ್ಲಿ 999 ಎಂದರೆ ಮೂರು ನಿಮಿಷದ ಒಂದು ಇಂಗ್ಲಿಷ್ ಹಾಡು. ಅದಷ್ಟನ್ನೇ ನೋಡಿ ನಕ್ಕರೆ ಅವರ ತಪ್ಪಲ್ಲ, ಉಳಿದದ್ದು ಅವರಿಗೆ ಸರಿಯಾಗಿ ಸಿಕ್ಕೇ ಇಲ್ಲ.

ಹೇಳುವವರೂ ಕಡಿಮೆಯಾಗುತ್ತಿದ್ದಾರೆ. ದೊರೈರಾಜ್ 2000ದಲ್ಲಿ ಹೋದರು. ರಾಜಕುಮಾರ್ 2006ರ ಏಪ್ರಿಲ್ 12ರಂದು. ಜಯಂತಿ 2021ರಲ್ಲಿ. ಎಸ್.ಕೆ. ಭಗವಾನ್ 2023ರ ಫೆಬ್ರುವರಿ 20ರಂದು. ಟೆಂಟಿನ ನೆಲದ ಮೇಲೆ ಕೂತು ಪೈಜು ಕಟ್ಟಿದವರಿಗೂ ಈಗ ಎಪ್ಪತ್ತು ದಾಟಿದೆ.

ಹೊಸ 999 ಬೇಕೇ? ನಾವು ಬೇಕು ಅನ್ನುವವರು. ಆದರೆ ಅಜ್ಜಂದಿರ ಮಾತಿಗೂ ಬೆಲೆ ಕೊಟ್ಟು ಒಂದು ದಾರಿ ಇದೆ. ಪ್ರಕಾಶನ ಪಾತ್ರ ರಾಜಕುಮಾರ್ ಹತ್ತಿರವೇ ಇರಲಿ, ಅದನ್ನು ಯಾರೂ ಮುಟ್ಟುವುದು ಬೇಡ. ನಂಬರು ಮಾತ್ರ ಇನ್ನೊಬ್ಬರಿಗೆ ಬರಲಿ. ಪೊಲೀಸರಲ್ಲಿ ಒಬ್ಬರು ನಿವೃತ್ತಿಯಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲವೇ? ಹೆಣ್ಣುಮಗಳೇ ಯಾಕಾಗಬಾರದು? ಗುಹೆ, ರಟ್ಟಿನ ಬಾಗಿಲು ಬೇಡ. 1968ರವರು ತಮ್ಮ ಕಾಲದ ಭಯವಾದ ಚಿನ್ನದ ಕಳ್ಳಸಾಗಣೆಯನ್ನು ಹಿಡಿದರು. ನಮ್ಮ ಕಾಲದ ಕಳ್ಳ ನೀವು ಈಗ ಹಿಡಿದಿರುವ ಮೊಬೈಲಿನೊಳಗೆ ಇದ್ದಾನೆ. ಪೊಲೀಸ್ ಅಧಿಕಾರಿಯ ವೇಷದಲ್ಲಿ ವಿಡಿಯೋ ಕರೆ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅನ್ನುತ್ತಾನೆ, ಓಟಿಪಿ ಕೇಳಿ ಪಿಂಚಣಿ ದುಡ್ಡು ಎಳೆಯುತ್ತಾನೆ. ಆ ಜೇಡರ ಬಲೆಯನ್ನು ಹರಿಯುವ 999 ಬಂದರೆ ಅಜ್ಜನೂ ಮೊಮ್ಮಗನೂ ಒಂದೇ ಬೆಂಚಿನಲ್ಲಿ ಕೂತು ನೋಡುತ್ತಾರೆ. ಅಲ್ಲಿಯ ತನಕ ಮೋಸ ಹೋದ ತಕ್ಷಣ ಫೋನ್ ಮಾಡಬೇಕಾದ ನಿಜದ ನಂಬರು 1930, ನೆನಪಿರಲಿ.

ಹಾನಗಲ್ಲಿನ ಆ ಬೆಳಿಗ್ಗೆ ಕೊನೆಗೆ ಯಾರೂ ಗೆಲ್ಲಲಿಲ್ಲ. ಮೂರನೇ ಬಸ್ಸು ಬಂದಾಗ ಹುಡುಗರು ಎದ್ದರು. ಅಜ್ಜ ಕರೆದು ಕೇಳಿದರು, "ತಮ್ಮಾ, ಆ ಜೇಡರ ಬಲಿ ಪೂರಾ ಐತೇನು ನಿನ್ನ ಫೋನಿನ್ಯಾಗ?"

"ಹುಡುಕತೇನ್ರಿ ಅಜ್ಜಾ. ಸಿಕ್ರ ನಾಳೆ ಕೂಡೇ ನೋಡೂಣು."

ನಿಮ್ಮ ಮನೆಯ ಹಿರಿಯರನ್ನೂ ಇವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿ ನೋಡಿ: ಮೊದಲ 999 ನೋಡಿದ್ದು ಎಲ್ಲಿ, ಯಾರ ಜೊತೆ, ಟಿಕೇಟು ಎಷ್ಟಿತ್ತು? ಅವರು ಹೇಳಿದ್ದನ್ನು ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ರೀಲು ಉಳಿಸುವುದು ಸರ್ಕಾರದ, ಚಿತ್ರರಂಗದ ಕೆಲಸ. ನೆನಪು ಉಳಿಸುವುದು ನಮ್ಮ ಕೈಯಲ್ಲೇ ಇದೆ.